ರಜೆ ಅರ್ಜಿಯ ‘ವರೆಗೆ’

ವೇದಿಕೆಯ ಮೇಲಿರುವ ಹಿರಿಯರೇ, ಮಂಡ್ಯದ ಕಚೇರಿಗಳಿಂದಲೂ ಸಂಜೆಯ ರೈಲು ಹಿಡಿದು ಮೈಸೂರಿನಿಂದಲೂ ಬಂದಿರುವ ಸ್ನೇಹಿತರೇ,

ಗಳಿಕೆ ರಜೆ, ಅರ್ಧ ವೇತನ ರಜೆ, ಪರಿವರ್ತಿತ ರಜೆ ಎಂದರೇನೆಂದು ಈ ಸಭೆಗೆ ವಿವರಿಸುವ ಅಗತ್ಯವಿಲ್ಲ. ನಾನು ಮಾತನಾಡಬೇಕೆಂದು ಬಂದಿರುವುದು ಅರ್ಜಿ ನಮೂನೆಯ ಒಂದೇ ಒಂದು ಪದದ ಬಗ್ಗೆ. ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ’ ಎಂದು ತುಂಬುತ್ತೇವಲ್ಲ, ಆ ‘ವರೆಗೆ’. ಜ್ವರಕ್ಕೆ ಒಂದು ‘ವರೆಗೆ’ ಉಂಟು, ಮುರಿದ ಕಾಲಿಗೂ ಉಂಟು. ಮೂತ್ರಪಿಂಡ ಸೋತವರಿಗೆ, ನನ್ನಂತೆ ರುಮಟಾಯ್ಡ್ ಸಂಧಿವಾತ ಹತ್ತಿದವರಿಗೆ ಅದು ಇಲ್ಲ. ನಮ್ಮ ನಮೂನೆಗಳೆಲ್ಲ ಮುಗಿಯುವ ಕಾಯಿಲೆಗಾಗಿ ಬರೆದವು ಎಂಬುದೇ ನನ್ನ ಇಂದಿನ ಮಾತು.

ನಾನು ಸಿಬ್ಬಂದಿ ಶಾಖೆಯಲ್ಲಿ ವಿಷಯ ನಿರ್ವಾಹಕಿಯಾಗಿದ್ದಾಗ ನಡೆದ ಪ್ರಸಂಗವೊಂದನ್ನು ಹೇಳುತ್ತೇನೆ. ನಮ್ಮ ಕಚೇರಿಯ ಒಬ್ಬರಿಗೆ ವಾರಕ್ಕೆ ಮೂರು ಸಲ, ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್ ಇರುತ್ತಿತ್ತು. ಯಂತ್ರದ ಮುಂದೆ ನಾಲ್ಕು ಗಂಟೆ, ಅದರ ಹಿಂದೆ ಮುಂದೆ ಕಾಯುವ ಹೊತ್ತು, ಮುಗಿದ ಮೇಲೆ ಎದ್ದು ನಿಲ್ಲಲಾಗದ ಸುಸ್ತು. ಅವರು ಪ್ರತಿ ಸಲವೂ ಪ್ರತ್ಯೇಕ ಅರ್ಜಿ ಬರೆದು, ಪ್ರತಿ ಅರ್ಜಿಗೂ ಚೀಟಿ ಲಗತ್ತಿಸಿ ಟಪಾಲಿಗೆ ಕೊಡುತ್ತಿದ್ದರು. ಒಂದು ತಿಂಗಳಲ್ಲಿ ಹದಿಮೂರು ಅರ್ಜಿಗಳು ನನ್ನ ಮೇಜಿಗೆ ಬಂದವು. ದೃಢತೆ ಪ್ರಮಾಣಪತ್ರ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಲಗತ್ತಿಸಿಲ್ಲವೆಂದು ಹದಿಮೂರಕ್ಕೂ ಆಕ್ಷೇಪಣೆ ಬರೆದು ಹಿಂದಿರುಗಿಸಿದವಳು ನಾನು. ವೈದ್ಯಕೀಯ ರಜೆಯಿಂದ ಮರಳುವವರು ಅದನ್ನು ಕೊಡಬೇಕೆಂಬುದು ನಿಯಮ, ಆದ್ದರಿಂದ ನಾನು ಬರೆದದ್ದು ಸರಿಯೆಂದೇ ನಂಬಿದ್ದೆ. ಅವರು ಕಾಗದಗಳನ್ನೆಲ್ಲ ಹಿಡಿದು ಬಂದು ಮೆಲ್ಲಗೆ ಹೇಳಿದರು: “ಮೇಡಂ, ವಾಸಿಯಾಗಿದೆ ಅಂತ ಬರೆಯೋಕೆ ಡಾಕ್ಟರು ಒಪ್ತಾ ಇಲ್ಲ. ವಾಸಿಯಾಗಿದ್ರೆ ನಾನು ಬುಧವಾರ ಮತ್ತೆ ಯಾಕೆ ಹೋಗ್ತಿದ್ದೆ?”

ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಪ್ರಮಾಣಪತ್ರದ ಒಕ್ಕಣೆಯನ್ನು ಮತ್ತೆ ಮತ್ತೆ ಓದಿದೆ. ‘ಕಾಯಿಲೆಯಿಂದ ಗುಣಮುಖರಾಗಿದ್ದು, ಕರ್ತವ್ಯಕ್ಕೆ ಹಾಜರಾಗಲು ಅರ್ಹರಾಗಿದ್ದಾರೆ’ ಎಂದು ನಾವು ಒಂದೇ ಉಸಿರಿನಲ್ಲಿ ಬರೆಯುವ ವಾಕ್ಯದಲ್ಲಿ ಎರಡು ಮಾತುಗಳಿವೆ. ಅವರ ವಿಷಯದಲ್ಲಿ ಮೊದಲನೆಯದು ಸುಳ್ಳು, ಎರಡನೆಯದು ನಿಜ, ಮತ್ತು ಕಚೇರಿಗೆ ಬೇಕಾಗಿರುವುದು ಎರಡನೆಯದು ಮಾತ್ರ. ಗುಣವಾಗದೆಯೂ ಕೆಲಸ ಮಾಡಬಲ್ಲ ಮನುಷ್ಯನಿಗೆ ನಮ್ಮ ಕಡತದಲ್ಲಿ ಜಾಗವೇ ಇರಲಿಲ್ಲ.

ಲೆಕ್ಕವನ್ನೂ ನೋಡಿ. ವಾರಕ್ಕೆ ಮೂರರಂತೆ ವರ್ಷಕ್ಕೆ 156 ಸಲ. ಪ್ರತಿಯೊಂದನ್ನೂ ಅರ್ಧ ದಿನವೆಂದೇ ಹಿಡಿದರೂ 78 ದಿನ. ರಾಜ್ಯದ ಸೇವಾ ನಿಯಮಗಳಲ್ಲಿ ಗಳಿಕೆ ರಜೆ ವರ್ಷಕ್ಕೆ 30 ದಿನ. ಅರ್ಧ ವೇತನ ರಜೆ 20 ದಿನ. ಆ ಇಪ್ಪತ್ತನ್ನು ಪೂರ್ಣ ವೇತನಕ್ಕೆ ಪರಿವರ್ತಿಸಿಕೊಂಡರೆ ಒಂದಕ್ಕೆ ಎರಡು ಕಳೆಯುವುದರಿಂದ ಉಳಿಯುವುದು ಹತ್ತು. ಹಳೆಯ ಉಳಿಕೆ ಕರಗಿದ ಮೇಲೆ ರಜೆ ಲೆಕ್ಕವೊಂದನ್ನೇ ನಂಬಿ ಈ ಕಾಯಿಲೆಯನ್ನು ದಾಟಲಾಗದು. ಆದಕಾರಣ ಇಂಥವರಿಗೆ ರಜೆ ಅರ್ಜಿಗಿಂತ ಮುಖ್ಯವಾದ ಕಾಗದವೆಂದರೆ ಕೆಲಸದ ವೇಳೆಯನ್ನು ಹೊಂದಿಸಿಕೊಡಿ ಎಂಬ ಮನವಿ ಮತ್ತು ಅದಕ್ಕೆ ಆಧಾರವಾಗಿ ವೈದ್ಯರ ಒಂದು ಒಳ್ಳೆಯ ಪತ್ರ.

ಒಳ್ಳೆಯ ಪತ್ರ ಎಂದರೆ ಯಾವುದು? ‘ವಿಶ್ರಾಂತಿ ಅಗತ್ಯ’ ಎಂಬ ಎರಡು ಪದಗಳಿಂದ ಯಾರಿಗೂ ಉಪಯೋಗವಿಲ್ಲ. ಇದು ದೀರ್ಘಕಾಲದ ಕಾಯಿಲೆ, ಚಿಕಿತ್ಸೆ ಇಂಥ ದಿನಗಳಲ್ಲಿ ಇಷ್ಟು ಹೊತ್ತು, ಉಳಿದ ವೇಳೆಯಲ್ಲಿ ಇವರು ಇಂಥ ಕೆಲಸ ಮಾಡಬಲ್ಲರು, ಇಂಥದ್ದು ಬೇಡ, ಮತ್ತೆ ಪರಿಶೀಲಿಸುವುದು ಇಂಥ ತಿಂಗಳು ಎಂದು ಪತ್ರ ಹೇಳಬೇಕು. ನಮ್ಮ ಆ ಸಹೋದ್ಯೋಗಿ ಅಂಥ ಪತ್ರ ತಂದ ಮೇಲೆ ಮೇಲಧಿಕಾರಿಗಳು ಒಂದೇ ಟಿಪ್ಪಣಿಗೆ ಸಹಿ ಮಾಡಿದರು. ಹದಿಮೂರು ಅರ್ಜಿಗಳ ಕೆಲಸವನ್ನು ಒಂದು ಹಾಳೆ ಮಾಡಿತು.

ನನಗೇ ಸಂಧಿವಾತ ಬಂದಾಗ ಇದೆಲ್ಲ ನೆರವಾಯಿತು, ಆದರೆ ಪೂರ್ತಿಯಾಗಿ ಅಲ್ಲ. ಡಯಾಲಿಸಿಸ್‌ಗೆ ವಾರವಾದರೂ ಗೊತ್ತಿರುತ್ತದೆ. ನನ್ನ ಕೀಲುಗಳು ಯಾವ ಬೆಳಗ್ಗೆ ಬಿಗಿದುಕೊಳ್ಳುತ್ತವೆಂದು ಹಿಂದಿನ ರಾತ್ರಿ ನನಗೇ ಗೊತ್ತಿರುವುದಿಲ್ಲ. ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವೈದ್ಯರನ್ನು ಕೇಳಿ ಶನಿವಾರ ರಾತ್ರಿಗೆ ಇಟ್ಟುಕೊಂಡು, ಭಾನುವಾರವನ್ನು ವಾಕರಿಕೆಗೆ ಬಿಟ್ಟುಕೊಟ್ಟಿದ್ದೇನೆ. ಬೆರಳು ಮಡಚಲಾಗದ ಬೆಳಗ್ಗೆ ಅರ್ಜಿ ಬರೆಯುವುದಾದರೂ ಹೇಗೆ? ಆದ್ದರಿಂದ ದಿನಾಂಕವೊಂದನ್ನು ಬಿಟ್ಟು ಉಳಿದೆಲ್ಲ ತುಂಬಿದ ಅರ್ಜಿಯನ್ನು ಮೊಬೈಲಿನಲ್ಲಿ ಸಿದ್ಧವಾಗಿಟ್ಟುಕೊಳ್ಳಿ. ಕಚೇರಿ ತೆರೆಯುವ ಮುನ್ನವೇ ಅದು ಹೋಗಲಿ, ಗೈರುಹಾಜರಿ ಅನಧಿಕೃತವೆಂದು ದಾಖಲಾಗದಿರಲಿ. ಕೈಯಲ್ಲಿ ಕೊಡುವ ಪ್ರತಿ ಕಾಗದಕ್ಕೂ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೊಹರಿಲ್ಲದ ಅರ್ಜಿ ಕಳೆದುಹೋದಾಗ ಕಳೆದುಹೋಗುವುದು ನಿಮ್ಮ ವೇತನ.

ಸಮಯ ಮುಗಿಯುತ್ತಿದೆಯೆಂದು ಚೀಟಿ ಬಂದಿದೆ. ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿಯ, ಮಂಡ್ಯ ಜಿಲ್ಲೆಯ ಸೋಮನಹಳ್ಳಿಯ ಕಾರ್ಖಾನೆಗಳಿಂದ ಬಂದವರಿಗೆ ಎರಡು ಮಾತು ಹೇಳದೆ ಇಳಿಯಲಾರೆ. ನೌಕರರ ರಾಜ್ಯ ವಿಮೆಯ (ಇಎಸ್‌ಐ) ವ್ಯವಸ್ಥೆಯಲ್ಲಿ ಅರ್ಹ ವಿಮಾದಾರರಿಗೆ ಸಾಮಾನ್ಯ ಅನಾರೋಗ್ಯ ಭತ್ಯೆ ವರ್ಷಕ್ಕೆ 91 ದಿನ, ವೇತನದ ಶೇ 70. ಕ್ಷಯ, ಕ್ಯಾನ್ಸರ್, ದೀರ್ಘಕಾಲದ ಮೂತ್ರಪಿಂಡ ವೈಫಲ್ಯ ಸೇರಿದಂತೆ 34 ಕಾಯಿಲೆಗಳಿಗೆ ಶೇ 80ರಂತೆ, ಎರಡು ವರ್ಷದವರೆಗೂ ವಿಸ್ತರಿಸಬಹುದಾದ ಭತ್ಯೆ ಉಂಟು. ಅದಕ್ಕೆ ಎರಡು ವರ್ಷ ಬಿಡದೆ ಕೆಲಸ ಮಾಡಿರಬೇಕು, ವಿಮೆಗೆ ವಂತಿಗೆ ಕಟ್ಟಿದ ದಿನಗಳು ಸಾಕಷ್ಟಿರಬೇಕು. ಕೆಲಸ ಬಿಡುವ ಯೋಚನೆ ಬಂದಾಗ ಮೊದಲು ಇದನ್ನು ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯವೆಂದು ಗುರುತಿಸಿದ 21 ಬಗೆಗಳಲ್ಲಿ ಪಾರ್ಕಿನ್ಸನ್, ಹಿಮೋಫಿಲಿಯಾ, ಥಲಸ್ಸೇಮಿಯಾ ಇವೆ. ಮೂತ್ರಪಿಂಡ ವೈಫಲ್ಯ ಇಲ್ಲ. ಅದರ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಆಗಲಿಲ್ಲ.

ವೈದ್ಯರಿಂದ ಬರೆಸಿಕೊಳ್ಳಬೇಕಾದ ಪತ್ರದ ಮಾದರಿಯನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ, ಒಬ್ಬೊಬ್ಬರು ಒಂದೊಂದು ತೆಗೆದುಕೊಂಡು ಹೋಗಿ. ಅದರಲ್ಲಿ ‘ವರೆಗೆ’ ಎಂಬುದರ ಜಾಗದಲ್ಲಿ ‘ಮುಂದಿನ ಪರಿಶೀಲನೆಯ ದಿನಾಂಕ’ ಎಂದು ಅಚ್ಚು ಹಾಕಿಸಿದ್ದೇನೆ.