ಕೊಡಗಿನ ಒಲೆಯ ಮುಂದೆ ಎರಡು ದಿನ

ಕೇಳುಗರಿಗೆ ನಮಸ್ಕಾರ.

ಶನಿವಾರ ಬೆಳಿಗ್ಗೆ ಕುಶಾಲನಗರ ದಾಟಿ, ಆನೆಕಾಡಿನ ರಸ್ತೆ ಹಿಡಿದು ಮಡಿಕೇರಿಗೆ ಹತ್ತುವವರು ನಮ್ಮಲ್ಲಿ ಬಹಳ ಮಂದಿ. ಅಬ್ಬಿ ಜಲಪಾತ, ರಾಜಾಸೀಟು, ತಲಕಾವೇರಿ ಎಲ್ಲ ನೋಡುತ್ತಾರೆ. ಹಸಿವಾದಾಗ ಮಾತ್ರ ಊರಲ್ಲಿ ದಿನಾ ತಿನ್ನುವ ಗೋಬಿ ಮಂಚೂರಿ, ಫ್ರೈಡ್ ರೈಸನ್ನೇ ಹುಡುಕುತ್ತಾರೆ. ನಾನೂ ಮೊದಮೊದಲು ಹಾಗೇ ಮಾಡಿದವಳು. ಆ ಊಟಗಳಲ್ಲಿ ಒಂದೂ ಈಗ ನೆನಪಿಲ್ಲ.

ನೆನಪಿರುವುದು ನಾಪೋಕ್ಲು ಕಡೆಯ ಒಂದು ಮನೆಯ ಅಡುಗೆಕೋಣೆ. ಹೊರಗೆ ಜಡಿಮಳೆ. ಮನೆಯ ಹಿರಿಯಮ್ಮ ಕುದಿಯುವ ಉಪ್ಪುನೀರಿಗೆ ಅಕ್ಕಿ ತರಿ ಸುರಿದು ಗಟ್ಟಿಯಾಗುವವರೆಗೆ ತಿರುವಿದರು. ಸ್ವಲ್ಪ ಆರಿದ ಮೇಲೆ ಕೈ ಒದ್ದೆ ಮಾಡಿಕೊಂಡು ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಹಬೆಗಿಟ್ಟರು. ಅದೇ ಕಡಂಬುಟ್ಟು. ಪಕ್ಕದ ಒಲೆಯಲ್ಲಿ ಪಂದಿ ಕರಿ, ಅಂದರೆ ಹಂದಿಮಾಂಸದ ಪಲ್ಯ. ಕೊತ್ತಂಬರಿ, ಜೀರಿಗೆ, ಮೆಣಸು, ಸಾಸಿವೆಯನ್ನು ಕಪ್ಪಾಗುವವರೆಗೆ ಹುರಿದು ಕುಟ್ಟಿದ ಪುಡಿ. ಮಾಂಸ ತನ್ನ ಕೊಬ್ಬಿನಲ್ಲೇ ಬೇಯುತ್ತಿತ್ತು.

ಕೊನೆಗೆ ಅವರು ಒಂದು ಹಳೆಯ ಬಾಟಲಿ ತೆಗೆದರು. ಒಳಗೆ ಡಾಂಬರಿನಷ್ಟು ಕಪ್ಪಾದ ರಸ. "ಇದು ಕಾಚಂಪುಳಿ ಕಣಮ್ಮಾ. ಹುಣಸೆಹುಳಿ ಹಾಕಿದರೆ ಈ ರುಚಿ ಬರೋದಿಲ್ಲ" ಅಂದರು. ಪಣಪುಳಿ ಎಂಬ ಹುಳಿ ಹಣ್ಣು ಮಳೆಗಾಲದಲ್ಲಿ ಮಾಗುತ್ತದೆ. ಅದನ್ನು ರಾಶಿ ಹಾಕಿ, ತೊಟ್ಟಿಕ್ಕುವ ರಸವನ್ನು ಹಿಡಿದು, ಮಂದವಾಗುವವರೆಗೆ ಕಾಯಿಸಿದರೆ ಕಾಚಂಪುಳಿ. ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಪಾತ್ರೆ ಕರಿಗೆ ಒಂದೆರಡು ಚಮಚ ಸಾಕು. ನಾಲಿಗೆಯ ಎರಡೂ ಬದಿ ಸಣ್ಣಗೆ ಜುಂ ಎನ್ನುತ್ತದೆ, ಆಮೇಲೆ ಮೆಣಸಿನ ಖಾರ ಏರುತ್ತದೆ. ಪಂದಿ ಕರಿ ಕೇಳಿದಾಗ "ಕಾಚಂಪುಳಿ ಹಾಕ್ತೀರಾ?" ಎಂದು ಕೇಳಿಬಿಡಿ. ಅಡುಗೆಯವರ ಮುಖ ಅರಳಿದರೆ ಅಲ್ಲೇ ಕೂತುಬಿಡಿ.

ಮಾಂಸ ತಿನ್ನದವರು ಮಳೆಗಾಲದಲ್ಲಿ ಹೋದರೆ ಅದೃಷ್ಟವಂತರು. ಅಣಬೆಯ ಕುಮ್ಮು ಕರಿ, ಎಳೆ ಬಿದಿರಿನ ಬೈಂಬಳೆ ಕರಿ ಸಿಗುವ ಕಾಲ ಅದು. ಕಳಲೆಯನ್ನು ಸಣ್ಣಗೆ ಹೆಚ್ಚಿ, ನೀರು ಬದಲಿಸುತ್ತಾ ನೆನೆಸದೆ ಯಾರೂ ಒಲೆಗೆ ಏರಿಸುವುದಿಲ್ಲ. ಹಸಿಯದರಲ್ಲಿ ವಿಷದ ಅಂಶ ಇರುತ್ತದೆ. ಬೇಸಿಗೆಯಾದರೆ ಕಾಡುಮಾವಿನ ಕರಿ. ಇಡೀ ಹಣ್ಣನ್ನೇ ಹಾಕಿರುತ್ತಾರೆ. ಚಮಚ ಬದಿಗಿಟ್ಟು ಗೊರಟೆ ಚೀಪಬೇಕು.

ಆಗಸ್ಟ್ 3ರ ಆಸುಪಾಸಿನಲ್ಲಿ ಹೋಗಲು ಸಾಧ್ಯವಾದರೆ ಬಿಡಬೇಡಿ. ಅಂದು ಕೊಡವರ ಪಂಚಾಂಗದ ಕಕ್ಕಡ ತಿಂಗಳ 18ನೇ ದಿನ. ಮದ್ದುಸೊಪ್ಪು ಎಂಬ ಗಿಡದ ಎಲೆಯಲ್ಲಿ ಆ ದಿನ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬುದು ಕೊಡಗಿನವರ ನಂಬಿಕೆ. ಸೊಪ್ಪು ಕುದಿಸಿದ ನೀರು ಕಡುನೇರಳೆಗೆ ತಿರುಗುತ್ತದೆ. ಅದರಲ್ಲಿ ಪಾಯಸವನ್ನೋ ಪುಟ್ಟನ್ನೋ ಮಾಡಿ, ಜೇನುತುಪ್ಪ ಹಾಕಿಕೊಂಡು ತಿನ್ನುತ್ತಾರೆ. ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ, ಗಾಬರಿಯಾಗಬೇಡಿ, ಸೊಪ್ಪಿನ ಬಣ್ಣ ಅದು. ಮೊಣಕಾಲುದ್ದ ಕೆಸರಲ್ಲಿ ನಿಂತು ನಾಟಿ ಮಾಡುವ ಚಳಿಯ ತಿಂಗಳಿಗೆ ಈ ಊಟ ಎಷ್ಟು ಒಪ್ಪುತ್ತದೆ ಎನ್ನುವುದು ಅಲ್ಲಿ ಕೂತು ಉಂಡರೇ ತಿಳಿಯುವುದು.

ಇಂಥ ಅಡುಗೆ ಹೋದ ತಕ್ಷಣ ಸಿಗುವಂಥದಲ್ಲ. ಉಳಿಯುವ ಮನೆಯವರಿಗೆ ಹಿಂದಿನ ದಿನವೇ ಫೋನ್ ಮಾಡಿ, "ನೀವು ಏನು ಉಣ್ಣುತ್ತೀರೋ ಅದೇ ನಮಗೂ ಸಾಕು" ಎಂದು ಹೇಳಿ. ಈ ಒಂದು ಮಾತಿಗೆ ಎಷ್ಟು ಬಾಗಿಲು ತೆರೆಯುತ್ತವೆ ಎಂಬುದನ್ನು ನಾನೇ ಕಂಡಿದ್ದೇನೆ. ಶುಕ್ರವಾರವೇ ತಲುಪಿದರೆ ಮಡಿಕೇರಿ ಸಂತೆ, ಭಾನುವಾರವಾದರೆ ಗೋಣಿಕೊಪ್ಪ ಸಂತೆ. ಯಾವ ಕಾಲದಲ್ಲಿ ಏನು ಬೆಳೆದಿದೆ ಎಂದು ಅಲ್ಲಿ ಕಣ್ಣಾರೆ ಕಾಣಬಹುದು.

ಬೆಳಿಗ್ಗೆಯ ತಿಂಡಿ ಅಕ್ಕಿ ಒಟ್ಟಿ. ಅನ್ನ, ಅಕ್ಕಿಹಿಟ್ಟು ಸೇರಿಸಿ ನಾದಿ, ಕೆಂಡದ ಮೇಲೆ ಉಬ್ಬಿಸಿದ ರೊಟ್ಟಿ. ಜೊತೆಗೆ ಬೆಲ್ಲದ ಕಾಪಿ, ಹಾಲಿಲ್ಲದ್ದು. ಹೊರಡುವ ದಿನ ಆ ಹಿರಿಯಮ್ಮ ಬಾಳೆಎಲೆಯಲ್ಲಿ ನಾಲ್ಕು ಒಟ್ಟಿ ಸುತ್ತಿ ಕೈಗಿಟ್ಟರು. ಹುಣಸೂರು ದಾಟುವಾಗ ಬಿಚ್ಚಿ ನೋಡಿದೆ, ಇನ್ನೂ ಬೆಚ್ಚಗಿದ್ದವು.

ನಮಸ್ಕಾರ.