ಮುಂದಿನ ಗ್ಲಾಸು ಸೀಳಿದಾಗ

ಕೇಳುಗರಿಗೆ ನಮಸ್ಕಾರ.

ದಾವಣಗೆರೆ ಬಿಟ್ಟು, ಆನಗೋಡು ದಾಟಿ, ಹೆಬ್ಬಾಳು ಟೋಲ್ ಕಡೆ ಹೋಗುತ್ತಿರುತ್ತೀರಿ. ಮುಂದೆ ಜಲ್ಲಿ ತುಂಬಿದ ಟಿಪ್ಪರ್. ‘ಟಕ್’ ಅಂತ ಒಂದು ಸದ್ದು. ನೋಡಿದರೆ ಕಾರಿನ ಮುಂದಿನ ಗ್ಲಾಸಿನ ಮೇಲೆ ಕಡಲೆಕಾಳಿನಷ್ಟು ಬಿಳಿ ಚುಕ್ಕಿ. ಇಷ್ಟೇ ತಾನೆ ಎಂದು ಮನೆಗೆ ಬರುತ್ತೀರಿ. ನಾಲ್ಕನೇ ದಿನ ಬೆಳಗ್ಗೆ ಆ ಚುಕ್ಕಿಯಿಂದ ಹೊರಟ ಗೆರೆ ಅರ್ಧ ಗ್ಲಾಸನ್ನು ದಾಟಿರುತ್ತದೆ. ಆ ನಾಲ್ಕು ದಿನದಲ್ಲಿ ಏನು ಮಾಡಬಹುದಿತ್ತು, ಆಮೇಲೆ ಇನ್ಶೂರೆನ್ಸ್ ಕೇಳಬೇಕೋ ಬೇಡವೋ, ಇದು ಇವತ್ತಿನ ಮಾತು.

ಕಲ್ಲು ಲೋಡಿನಿಂದಲೇ ಬೀಳುತ್ತದೆ ಅಂತ ಎಲ್ಲರೂ ತಿಳಿಯುತ್ತಾರೆ. ತಾಡಪಾಲು ಬಿಗಿಯಾಗಿ ಕಟ್ಟಿದ ಲಾರಿಯಿಂದಲೂ ಕಲ್ಲು ಹಾರುತ್ತದೆ, ಏಕೆಂದರೆ ಹಿಂದಿನ ಜೋಡಿ ಟೈರುಗಳ ನಡುವೆ, ಟೈರಿನ ಗೀರುಗಳಲ್ಲಿ ಸಿಕ್ಕಿಕೊಂಡ ಕಲ್ಲು ವೇಗ ಹೆಚ್ಚಿದಾಗ ಕವಣೆಯಿಂದ ಬಿಟ್ಟಂತೆ ಹೊರಡುತ್ತದೆ. ನಮ್ಮ ಕಡೆ ಕ್ರಷರ್‌ಗಳ ಜಲ್ಲಿ ಲಾರಿ, ಹೊಳಲ್ಕೆರೆ, ಭೀಮಸಮುದ್ರದ ಕಡೆ ಅದಿರು ಲಾರಿ ಹೇಗೂ ಇವೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಇನ್ನೊಂದು ಸೇರುತ್ತದೆ. ರಸ್ತೆ ಬದಿ ಕಾಳು ಹರವಿ ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಕಾಳು ಬಾಚಿಕೊಂಡು ಹೋದ ಮೇಲೂ ಕಲ್ಲುಗಳು ಅಲ್ಲೇ ಉಳಿದಿರುತ್ತವೆ. ಲಾರಿಯ ಹಿಂದೆ ಮೂರು ಸೆಕೆಂಡಿನ ಅಂತರ ಬಿಡಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 65 ಮೀಟರ್ ಆಗುತ್ತದೆ.

ಈಗ ಗ್ಲಾಸಿನ ಒಳಗುಟ್ಟು. ಕಾರಿನ ಪಕ್ಕದ ಬಾಗಿಲುಗಳ ಗ್ಲಾಸು ಸಾಮಾನ್ಯವಾಗಿ ಟಫನ್ಡ್, ಅಂದರೆ ಕಾಯಿಸಿ ಹಠಾತ್ತನೆ ತಣಿಸಿದ ಗಾಜು. ಅದು ಒಡೆದರೆ ಕಲ್ಲುಸಕ್ಕರೆಯಂತೆ ಪುಡಿಯಾಗಿ ಸುರಿಯುತ್ತದೆ, ರಿಪೇರಿಯ ಮಾತೇ ಇಲ್ಲ. ಮುಂದಿನದು ಲ್ಯಾಮಿನೇಟೆಡ್. ಸುಮಾರು ಎರಡೆರಡು ಮಿಲಿಮೀಟರಿನ ಎರಡು ಗಾಜಿನ ಹಾಳೆ, ಅವುಗಳ ನಡುವೆ ಪಿವಿಬಿ ಎನ್ನುವ ಪಾರದರ್ಶಕ ಪ್ಲಾಸ್ಟಿಕ್ ಪದರ, ಮುಕ್ಕಾಲು ಮಿಲಿಮೀಟರ್ ದಪ್ಪದ್ದು. ಎರಡು ರೊಟ್ಟಿಯ ನಡುವೆ ಚಟ್ನಿ ಸವರಿದ ಹಾಗೆ. ಕಲ್ಲು ಹೊಡೆದಾಗ ಸಾಮಾನ್ಯವಾಗಿ ಹೊರಗಿನ ಹಾಳೆ ಮಾತ್ರ ಚಿಪ್ಪಾಗುತ್ತದೆ, ಅಂದರೆ ಸಣ್ಣ ಚೂರು ಎದ್ದು ಗುಳಿ ಬೀಳುತ್ತದೆ. ಒಳಗಿನಿಂದ ಬೆರಳು ಸವರಿ ನೋಡಿ. ನುಣ್ಣಗಿದ್ದರೆ ರಿಪೇರಿಯ ಆಸೆ ಇಟ್ಟುಕೊಳ್ಳಬಹುದು. ಒಳಗೂ ಉಗುರಿಗೆ ತಗುಲಿದರೆ ಗ್ಲಾಸು ಬದಲಿಸುವುದೇ.

ಚಿಪ್ಪಾದ ಜಾಗ ಬಿರುಕಾಗಿ ಓಡುವುದಕ್ಕೆ ಮುಖ್ಯ ಕಾರಣ ಬಿಸಿ-ತಣ್ಣನೆಯ ಎಳೆದಾಟ. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನ ಗ್ಲಾಸು ಮುಟ್ಟಲಾಗದಷ್ಟು ಕಾದಿರುತ್ತದೆ. ಹತ್ತಿದ ಕೂಡಲೇ ಎಸಿಯನ್ನು ಪೂರ್ತಿ ಇಟ್ಟು ಗಾಳಿಯನ್ನು ಗ್ಲಾಸಿನ ಕಡೆಗೇ ತಿರುಗಿಸುತ್ತೇವೆ. ಒಳಹಾಳೆ ಕುಗ್ಗುತ್ತದೆ, ಹೊರಹಾಳೆ ಹಿಗ್ಗಿಯೇ ಇರುತ್ತದೆ, ಈ ಎಳೆದಾಟದಲ್ಲಿ ಸಣ್ಣ ಸೀಳು ದಾರಿ ಮಾಡಿಕೊಳ್ಳುತ್ತದೆ. ಕಾದ ಗ್ಲಾಸಿಗೆ ಬಕೆಟ್ ನೀರು ಎರಚಿದರೂ ಅದೇ ಕಥೆ. ಇನ್ನೊಂದು ಯಾರಿಗೂ ಹೊಳೆಯದ್ದು: ಎಲ್ಲ ಕಿಟಕಿ ಮುಚ್ಚಿ ಬಾಗಿಲನ್ನು ದಡಾರನೆ ಹಾಕಿದರೆ ಒಳಗಿನ ಗಾಳಿ ಒಮ್ಮೆಲೇ ಒತ್ತುತ್ತದೆ, ಅದು ಗ್ಲಾಸಿಗೂ ತಾಗುತ್ತದೆ. ಚಿಪ್ಪಾದ ಕಾರಿನಲ್ಲಿ ಒಂದು ಕಿಟಕಿಯನ್ನು ಎರಡು ಬೆರಳು ಇಳಿಸಿಯೇ ಬಾಗಿಲು ಹಾಕಿ.

ಆದ ತಕ್ಷಣ ಮಾಡಬೇಕಾದ್ದು ಇಷ್ಟು. ಒಣ ಬಟ್ಟೆಯಲ್ಲಿ ಮೃದುವಾಗಿ ಧೂಳು ಒರೆಸಿ, ಚಿಪ್ಪಿನ ಮೇಲೆ ಪಾರದರ್ಶಕ ಸೆಲ್ಲೋಟೇಪ್ ಅಂಟಿಸಿ. ನೀರು, ಧೂಳು, ವೈಪರ್ ನೀರಿನ ಸೋಪು ಒಳಗೆ ಹೋದರೆ ರಿಪೇರಿ ಕೆಡುತ್ತದೆ. ದಯವಿಟ್ಟು ತಕ್ಷಣ ಅಂಟುವ ಗಮ್ ಸುರಿಯಬೇಡಿ. ಅದು ಒಣಗಿ ಬೆಳ್ಳಗಾಗುತ್ತದೆ, ಸೀಳಿನ ತುದಿಯವರೆಗೆ ಇಳಿಯುವುದಿಲ್ಲ, ಮುಂದೆ ರಿಪೇರಿಯವರು ತುಂಬುವ ರೆಸಿನ್ ಎಂಬ ಪಾರದರ್ಶಕ ಅಂಟುದ್ರವ ಹೋಗಬೇಕಾದ ದಾರಿಯನ್ನೂ ಮುಚ್ಚಿಬಿಡುತ್ತದೆ. ಹತ್ತು ರೂಪಾಯಿಯ ಗಮ್ಮಿನಿಂದ ಗ್ಲಾಸು ಕಳೆದುಕೊಂಡವರು ಕಡಿಮೆಯಿಲ್ಲ.

ಚಿಪ್ ರಿಪೇರಿ ಮಾಡುವವರು ಚುಕ್ಕಿಯ ಮೇಲೆ ಒಂದು ಸಣ್ಣ ಉಪಕರಣ ಕೂರಿಸಿ, ಮೊದಲು ಒಳಗಿನ ಗಾಳಿ ಎಳೆದು, ಆಮೇಲೆ ಒತ್ತಡದಲ್ಲಿ ರೆಸಿನ್ ತುಂಬಿ, ಯುವಿ, ಅಂದರೆ ನೇರಳಾತೀತ ಕಿರಣದ ದೀಪದಲ್ಲಿ ಗಟ್ಟಿ ಮಾಡುತ್ತಾರೆ. ಅರ್ಧ-ಮುಕ್ಕಾಲು ಗಂಟೆಯ ಕೆಲಸ. ನೇರ ಬಿಸಿಲಲ್ಲಿ ಮಾಡಿಸಬೇಡಿ. ಬಿಸಿಲಲ್ಲೂ ಯುವಿ ಕಿರಣ ಇರುವುದರಿಂದ ರೆಸಿನ್ ತುದಿ ಮುಟ್ಟುವ ಮೊದಲೇ ಗಟ್ಟಿಯಾಗುತ್ತದೆ. ಮಳೆಯಲ್ಲಿ ನೆನೆದಿದ್ದರೆ ಮೊದಲು ಒಣಗಿಸಬೇಕು. ಕಲೆ ಪೂರ್ತಿ ಮಾಯವಾಗುವುದಿಲ್ಲ, ಮಸುಕಾದ ಗುರುತು ಉಳಿಯುತ್ತದೆ. ಬಿರುಕು ಮುಂದೆ ಓಡದಂತೆ ಹಿಡಿಯುವುದು ಈ ರಿಪೇರಿಯ ಕೆಲಸ.

ಯಾವುದಕ್ಕೆ ರಿಪೇರಿ ಸಾಧ್ಯ? ಒಂದು ರೂಪಾಯಿ ನಾಣ್ಯ ಇಟ್ಟರೆ ಮುಚ್ಚಿಹೋಗುವ ಚಿಪ್ಪಿಗೆ ಸಾಧ್ಯ. ಗೆರೆ ಆಗಿದ್ದರೆ ಸುಮಾರು 15 ಸೆಂಟಿಮೀಟರ್ ಒಳಗೆ ಇರಬೇಕು, ಅದೂ ಅನುಭವಿಯ ಕೈಯಲ್ಲಿ. ಡ್ರೈವರ್ ಕಣ್ಣಿನ ನೇರಕ್ಕೆ ಇದ್ದರೆ ಬೇಡ, ರಾತ್ರಿ ಎದುರಿನ ಲೈಟು ಆ ಕಲೆಯಲ್ಲಿ ಚದುರಿ ಕಣ್ಣು ಕೋರೈಸುತ್ತದೆ. ಅಂಚಿನಿಂದ ನಾಲ್ಕೈದು ಸೆಂಟಿಮೀಟರ್ ಒಳಗಿದ್ದರೂ ಬೇಡ, ಗ್ಲಾಸಿನ ಒತ್ತಡ ಅಂಚಿನಲ್ಲೇ ಹೆಚ್ಚು.

ಇನ್ನು ಇನ್ಶೂರೆನ್ಸ್. ಇಲ್ಲಿ ಎರಡು ತಪ್ಪು ತಿಳಿವಳಿಕೆ ನಮ್ಮೂರಲ್ಲಿ ಬೇರು ಬಿಟ್ಟಿವೆ.

ಒಂದು, “ಹೊಸ ಕಾರು, ಮೂರು ವರ್ಷದ ಇನ್ಶೂರೆನ್ಸ್ ಇದೆ” ಅನ್ನುವುದು. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ನೀವು ಬೇರೆಯವರಿಗೆ ಮಾಡಿದ ನಷ್ಟಕ್ಕೆ. ನಿಮ್ಮದೇ ಕಾರಿನ ನಷ್ಟಕ್ಕೆ ಇರುವುದು ಓನ್ ಡ್ಯಾಮೇಜ್ ಭಾಗ, ಚಿಕ್ಕದಾಗಿ ಓ.ಡಿ. ಇದನ್ನು ಹೆಚ್ಚಾಗಿ ಒಂದೇ ವರ್ಷಕ್ಕೆ ಕೊಟ್ಟಿರುತ್ತಾರೆ. ಎರಡನೇ ವರ್ಷ ಓ.ಡಿ. ನವೀಕರಿಸದೆ ಓಡಾಡುವವರಿಗೆ ಗ್ಲಾಸಿನ ಒಂದು ರೂಪಾಯಿಯೂ ಸಿಗದು. ಪಾಲಿಸಿ ಕಾಗದದಲ್ಲಿ ಎರಡು ಅವಧಿ ಬೇರೆಬೇರೆ ಬರೆದಿರುತ್ತದೆ. ಇವತ್ತು ರಾತ್ರಿ ತೆಗೆದು ನೋಡಿ.

ಎರಡು, “ಝೀರೋ ಡೆಪ್ ಇಲ್ಲ, ಹಾಗಾಗಿ ಗ್ಲಾಸಿಗೆ ಅರ್ಧವೇ ಸಿಗುವುದು” ಅನ್ನುವುದು. ಝೀರೋ ಡೆಪ್ ಅಂದರೆ ಭಾಗ ಹಳೆಯದಾಯಿತೆಂದು ಸವಕಳಿ ಕಳೆಯದೆ ಹಣ ಕೊಡುವ ಹೆಚ್ಚುವರಿ ರಕ್ಷಣೆ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ 50 ಶೇಕಡಾ ಸವಕಳಿ ಕಳೆಯುತ್ತಾರೆ, ಫೈಬರ್‌ಗೆ 30. ಗಾಜಿಗೆ ಸವಕಳಿ ಸೊನ್ನೆ. ಕಾರು ಎಂಟು ವರ್ಷದ್ದಾದರೂ ಗ್ಲಾಸಿನ ಬೆಲೆ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಕೈಯಿಂದ ಹೋಗುವುದು ಕಡ್ಡಾಯ ಕಡಿತ, ಅಂದರೆ ಪ್ರತಿ ಕ್ಲೇಮಿನಲ್ಲೂ ನೀವೇ ಭರಿಸಬೇಕಾದ ಪಾಲು: 1500 ಸಿಸಿವರೆಗಿನ ಖಾಸಗಿ ಕಾರಿಗೆ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000. ಪ್ರೀಮಿಯಂ ಕಡಿಮೆಯಾಗಲಿ ಅಂತ ಸ್ವಯಂ ಕಡಿತ ಒಪ್ಪಿಕೊಂಡಿದ್ದರೆ ಅದೂ ಸೇರುತ್ತದೆ. ಗ್ಲಾಸಿನ ಸುತ್ತಲಿನ ರಬ್ಬರ್ ಪಟ್ಟಿಯ, ಅಂದರೆ ಬೀಡಿಂಗಿನ, ಅರ್ಧ ಬೆಲೆ ಹೋಗುತ್ತದೆ. ಅಂಟು, ಪ್ರೈಮರ್, ಕ್ಲಿಪ್ಪುಗಳನ್ನು ಕನ್ಸ್ಯೂಮಬಲ್ಸ್, ಅಂದರೆ ಬಳಸಿ ಮುಗಿಯುವ ವಸ್ತುಗಳು, ಎಂದು ಬಿಟ್ಟುಬಿಡುವುದುಂಟು.

ಇಷ್ಟು ಕೇಳಿ ಕ್ಲೇಮ್ ಲಾಭ ಅನ್ನಿಸುತ್ತದೆ. ಅವಸರ ಬೇಡ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಎನ್‌ಸಿಬಿ, ಸೊನ್ನೆಗೆ ಇಳಿಯುತ್ತದೆ. ಕ್ಲೇಮ್ ಇಲ್ಲದೆ ವರ್ಷ ಕಳೆದಂತೆ ಓ.ಡಿ. ಪ್ರೀಮಿಯಂನಲ್ಲಿ 20, 25, 35, 45, ಕೊನೆಗೆ 50 ಶೇಕಡಾ ರಿಯಾಯಿತಿ ಏರುತ್ತದೆ. ಕಾಗದ ಪೆನ್ನು ಹತ್ತಿರ ಇದ್ದರೆ ಒಂದು ಲೆಕ್ಕ ಹಾಕೋಣ.

ಬೋನಸ್ ಕಳೆಯುವ ಮುನ್ನ ನಿಮ್ಮ ಓ.ಡಿ. ಪ್ರೀಮಿಯಂ 8000 ರೂಪಾಯಿ, ಈಗ 35 ಶೇಕಡಾ ಮೆಟ್ಟಿಲಲ್ಲಿ ಇದ್ದೀರಿ ಎಂದುಕೊಳ್ಳಿ. ಕ್ಲೇಮ್ ಮಾಡದಿದ್ದರೆ ಮುಂದಿನ ನವೀಕರಣಗಳಲ್ಲಿ 45, ಆಮೇಲೆ 50, 50, 50, 50. ಮಾಡಿದರೆ 0, 20, 25, 35, 45. ಐದು ವರ್ಷದ ವ್ಯತ್ಯಾಸ ಕೂಡಿ: 45, 30, 25, 15, 5. ಒಟ್ಟು 120 ಶೇಕಡಾ. 8000ಕ್ಕೆ 9600 ರೂಪಾಯಿ. ಕಾರಿನ ಮೌಲ್ಯ ಇಳಿದಂತೆ ಪ್ರೀಮಿಯಂ ಸ್ವಲ್ಪ ಇಳಿಯುವುದರಿಂದ ಇದನ್ನು ಮೇಲಿನ ಮಿತಿ ಅನ್ನಿ. ಗ್ಲಾಸು, ಕೂಲಿ ಎಲ್ಲ ಸೇರಿ 7500 ಬಿಲ್ ಆಗಿ, ಕಡಿತಗಳು ಹೋಗಿ ನಿಮಗೆ ಸಿಗುವುದು ಆರು ಸಾವಿರದ ಆಸುಪಾಸು. ಆರು ಸಾವಿರ ಪಡೆಯಲು ಎಂಟೊಂಬತ್ತು ಸಾವಿರ ಕೊಟ್ಟಂತಾಯಿತು. ಏಜೆಂಟರು ಈ ಲೆಕ್ಕ ಹೇಳುವುದು ಅಪರೂಪ. ಶೋರೂಮಿನವರಂತೂ “ಇನ್ಶೂರೆನ್ಸ್ ಇದೆಯಲ್ಲ ಸಾರ್” ಅಂತಲೇ ಮಾತು ಶುರು ಮಾಡುತ್ತಾರೆ.

ಆದರೆ ಬೋನಸ್ ಇನ್ನೂ ಶುರುವೇ ಆಗದ ಮೊದಲ ವರ್ಷವಾದರೆ ಇದೇ ಲೆಕ್ಕ 20, 5, 10, 10, 5, ಒಟ್ಟು 50 ಶೇಕಡಾ, ಅಂದರೆ 4000. ಆಗ ಕ್ಲೇಮ್ ಮಾಡಿದ್ದೇ ಸರಿ. ಈ ವರ್ಷ ಆಗಲೇ ಬೇರೆ ಕ್ಲೇಮ್ ಆಗಿದ್ದರೆ ಬೋನಸ್ ಹೇಗೂ ಹೋಗಿದೆ, ಗ್ಲಾಸನ್ನೂ ಕೇಳಿ, ಬೇರೆ ಘಟನೆಯಾದ್ದರಿಂದ ಕಡಿತ ಮಾತ್ರ ಇನ್ನೊಮ್ಮೆ ಬೀಳುತ್ತದೆ. ಎನ್‌ಸಿಬಿ ಪ್ರೊಟೆಕ್ಟ್, ಅಂದರೆ ಕ್ಲೇಮ್ ಮಾಡಿದರೂ ಬೋನಸ್ ಉಳಿಸುವ ಹೆಚ್ಚುವರಿ ರಕ್ಷಣೆ, ತೆಗೆದುಕೊಂಡಿದ್ದರೆ ಅಥವಾ ನಿಮ್ಮ ಪಾಲಿಸಿಯಲ್ಲಿ ಗ್ಲಾಸ್ ಕ್ಲೇಮಿಗೆ ಬೋನಸ್ ಕಡಿತ ಇಲ್ಲ ಎಂಬ ಷರತ್ತು ಇದ್ದರೆ ಯೋಚನೆಯೇ ಬೇಡ. ಇನ್ನು ಗ್ಲಾಸಿನ ಹಿಂದೆ ಕ್ಯಾಮೆರಾ ಇರುವ, ತಾನೇ ಬ್ರೇಕ್ ಹಾಕುವ ಹೊಸ ಕಾರುಗಳಲ್ಲಿ ಗ್ಲಾಸಿನ ಬೆಲೆಯೂ ಹೆಚ್ಚು, ಕ್ಯಾಮೆರಾ ಕ್ಯಾಲಿಬ್ರೇಷನ್, ಅಂದರೆ ಅದನ್ನು ಮತ್ತೆ ನಿಖರವಾಗಿ ಹೊಂದಿಸುವ ಖರ್ಚೂ ಸೇರುತ್ತದೆ. ಅಲ್ಲಿ ಲೆಕ್ಕ ಕ್ಲೇಮ್ ಕಡೆಗೇ ವಾಲುತ್ತದೆ. ಸಾವಿರದೊಳಗೆ ಮುಗಿಯುವ ಚಿಪ್ ರಿಪೇರಿಯನ್ನಂತೂ ಕೈಯಿಂದಲೇ ಮಾಡಿಸಿ, ಕಡಿತ ಕಳೆದರೆ ಸಿಗುವುದು ಏನೂ ಉಳಿಯುವುದಿಲ್ಲ.

ಕ್ಲೇಮ್ ಮಾಡುವುದೇ ಆದರೆ ಗ್ಲಾಸು ಬಿಚ್ಚುವ ಮೊದಲು ಇನ್ಶೂರೆನ್ಸ್ ಕಂಪನಿಗೆ ತಿಳಿಸಬೇಕು. ಬಿಚ್ಚಿ ಹಾಕಿ ಆಮೇಲೆ ಬಿಲ್ ಕಳಿಸಿದರೆ ನಷ್ಟ ಅಂದಾಜಿಸಲು ಬರುವ ಸರ್ವೇಯರ್ ನೋಡುವುದಾದರೂ ಏನನ್ನು? ನಂಬರ್ ಪ್ಲೇಟ್ ಸಮೇತ ಕಾರಿನ ಮುಂಭಾಗ, ಏಟು ಬಿದ್ದ ಜಾಗ ಹತ್ತಿರದಿಂದ, ಬಿರುಕಿನ ಪೂರ್ತಿ ಉದ್ದ, ಕಿಲೋಮೀಟರ್ ರೀಡಿಂಗ್, ಇವುಗಳ ಫೋಟೋ ಅವತ್ತೇ ತೆಗೆಯಿರಿ. ಆರ್‌ಸಿ, ಚಾಲ್ತಿಯಲ್ಲಿರುವ ಡಿಎಲ್, ಪಾಲಿಸಿ ಬೇಕು. ಬರೀ ಕಲ್ಲೇಟಿಗೆ ಸಾಮಾನ್ಯವಾಗಿ ಪೊಲೀಸ್ ದೂರು ಕೇಳುವುದಿಲ್ಲ. ಏಟಿನ ಗುರುತೇ ಇಲ್ಲದೆ ಅಂಚಿನಿಂದ ಬಿರುಕು ಹೊರಟಿದ್ದರೆ ಸರ್ವೇಯರ್ ತಕರಾರು ತೆಗೆಯಬಹುದು. ಹೊಸ ಕಾರಾದರೆ ಆಗ ಕಾರು ಕಂಪನಿಯ ವಾರಂಟಿ ಕೇಳಿ. ಪಾಲಿಸಿ ಮುಗಿದು ಮತ್ತೆ ಮಾಡಿಸುವಾಗ ಕಾರಿನ ತಪಾಸಣೆ ನಡೆಯುತ್ತದೆ, ಅಲ್ಲಿ ದಾಖಲಾದ ಹಳೆ ಬಿರುಕಿಗೆ ಹಣ ಬರುವುದಿಲ್ಲ. 90 ದಿನ ದಾಟಿದರೆ ಬೋನಸ್ ಕೂಡ ಹೋಯಿತು.

ಗ್ಲಾಸು ಕೂರಿಸುವ ಕೆಲಸ ನಿಂತು ನೋಡುವಂಥದ್ದು. ಪಿ.ಬಿ. ರಸ್ತೆಯ ಅಂಗಡಿಯಾದರೂ ಸರಿ, ಶೋರೂಮಾದರೂ ಸರಿ. ಮೊದಲು ಗ್ಲಾಸಿನ ಮೂಲೆಯ ಮುದ್ರೆ ಓದಿ, ಐಎಸ್ಐ ಗುರುತು, ಐಎಸ್ 2553, ಲ್ಯಾಮಿನೇಟೆಡ್ ಎಂಬುದು ಇರಬೇಕು. ಹಳೆಯ ಮಾರುತಿ 800, ಓಮ್ನಿಯಂಥವಕ್ಕೆ ರಬ್ಬರ್ ಬೀಡಿಂಗಿನಲ್ಲಿ ಗ್ಲಾಸು ಕೂರುತ್ತಿತ್ತು. ಈಗಿನವೆಲ್ಲ ಪೇಸ್ಟಿಂಗ್, ಪಿಯು, ಅಂದರೆ ಪಾಲಿಯುರೆಥೇನ್ ಅಂಟಿನಿಂದ ಬಾಡಿಗೇ ಅಂಟಿಸಿದ್ದು. ಅಪಘಾತದಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಎಷ್ಟೋ ಕಾರುಗಳಲ್ಲಿ ಈ ಗ್ಲಾಸಿಗೇ ಒರಗಿ ನಿಲ್ಲುತ್ತದೆ. ಅಂಟು ಸಡಿಲವಾದರೆ ಗ್ಲಾಸೇ ಹೊರಗೆ. ಆದ್ದರಿಂದ ಬಾತ್‌ರೂಮಿಗೆ ಬಳಸುವ ಸಿಲಿಕೋನ್ ಟ್ಯೂಬ್ ಕೈಗೆತ್ತಿಕೊಂಡರೆ ಅಲ್ಲೇ ತಡೆಯಿರಿ.

ಹಳೇ ಅಂಟನ್ನು ತಂತಿಯಿಂದ ಕೊಯ್ದು ಒಂದೆರಡು ಮಿಲಿಮೀಟರ್ ಪದರ ಬಾಡಿಯ ಮೇಲೆ ಬಿಡಬೇಕು, ಹೊಸ ಅಂಟು ಅದರ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಚಾಕು ತಾಗಿ ಪೇಂಟ್ ಕೆರೆದಿದ್ದರೆ ಪ್ರೈಮರ್ ಹಚ್ಚಲೇಬೇಕು, ಇಲ್ಲವಾದರೆ ಎರಡು ಮಳೆಗಾಲದಲ್ಲಿ ಅಲ್ಲಿ ತುಕ್ಕು ಎದ್ದು, ಕಾಲಡಿಯ ಮ್ಯಾಟ್ ಒದ್ದೆಯಾಗತೊಡಗುತ್ತದೆ. ಅಂಟಿನ ಸಾಲು ಎಲ್ಲೂ ತುಂಡಾಗದೆ ಸುತ್ತ ಒಂದೇ ಎಳೆಯಲ್ಲಿ ಬರಬೇಕು. ಕೂರಿಸಿದ ಮೇಲೆ ಎಷ್ಟು ಹೊತ್ತಿಗೆ ಓಡಿಸಬಹುದು ಎಂಬುದು ಅಂಟಿನ ಟ್ಯೂಬಿನ ಮೇಲೆಯೇ ಇರುತ್ತದೆ, ಒಂದು ಗಂಟೆಯಿಂದ ಹಲವು ಗಂಟೆಯವರೆಗೆ, ಓದಿಸಿ ಕೇಳಿ. ಹಿಡಿದಿಟ್ಟ ಟೇಪನ್ನು ಒಂದು ದಿನ ಕೀಳಬೇಡಿ, ಕಿಟಕಿ ತುಸು ಇಳಿದೇ ಇರಲಿ, ಎರಡು ದಿನ ಪ್ರೆಶರ್ ವಾಶ್ ಬೇಡ. ಆಮೇಲೆ ಪೈಪಿನಿಂದ ಮೆಲ್ಲಗೆ ನೀರು ಬಿಟ್ಟು, ಡ್ಯಾಶ್‌ಬೋರ್ಡಿನ ಮೂಲೆಗಳಲ್ಲಿ ಕೈಯಾಡಿಸಿ ತೇವ ಇದೆಯಾ ನೋಡಿ. ಹೆದ್ದಾರಿಯಲ್ಲಿ ಶಿಳ್ಳೆಯಂಥ ಸದ್ದು ಬಂದರೆ ಬೀಡಿಂಗ್ ಸರಿಯಾಗಿ ಕೂತಿಲ್ಲ, ವಾಪಸ್ ಒಯ್ಯಿರಿ.

ಕೊನೆಗೆ, ಹಳೇ ಗ್ಲಾಸಿನ ಜೊತೆ ಎರಡು ಸ್ಟಿಕರ್ ಹೋಗುತ್ತವೆ. ಒಂದು ಫಾಸ್ಟ್ಯಾಗ್. ಕಿತ್ತರೆ ಹರಿದುಹೋಗುವಂತೆಯೇ ಅದನ್ನು ಮಾಡಿರುತ್ತಾರೆ, ಅದನ್ನೇ ಮತ್ತೆ ಅಂಟಿಸಲು ಬರುವುದಿಲ್ಲ. ಟ್ಯಾಗ್ ಕೊಟ್ಟ ಬ್ಯಾಂಕಿಗೆ ಮೊದಲೇ ಬದಲಿ ಟ್ಯಾಗ್‌ಗೆ ಹೇಳಿಡಿ. ಇಲ್ಲವಾದರೆ ಹೆಬ್ಬಾಳಿನಲ್ಲೂ ಹಿರಿಯೂರಿನ ಹತ್ತಿರದ ಗುಯಿಲಾಳಿನಲ್ಲೂ ಹೆಚ್ಚು ಟೋಲ್ ಕೊಟ್ಟು ದಾಟಬೇಕಾಗುತ್ತದೆ. ಇನ್ನೊಂದು ಎಚ್‌ಎಸ್‌ಆರ್‌ಪಿ ಎಂಬ ಹೈ ಸೆಕ್ಯುರಿಟಿ ನಂಬರ್ ಪ್ಲೇಟಿನ ಜೊತೆ ಕೊಟ್ಟ ಮೂರನೇ ಗುರುತು, ಗ್ಲಾಸಿನ ಒಳಗೆ ಎಡಮೂಲೆಯಲ್ಲಿ ಇರುವ ಸ್ಟಿಕರ್. ಪೆಟ್ರೋಲ್‌ಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ. ಅದನ್ನೂ ಹೊಸದಾಗಿ ಮಾಡಿಸಬೇಕು. ಗ್ಲಾಸು ಬಿಚ್ಚುವ ಮುನ್ನ ಎರಡರದ್ದೂ ಒಂದೊಂದು ಫೋಟೋ ತೆಗೆದಿಟ್ಟುಕೊಳ್ಳಿ, ಅರ್ಜಿ ತುಂಬುವಾಗ ಅದರ ಮೇಲಿನ ನಂಬರುಗಳು ಬೇಕಾಗುತ್ತವೆ. ನಮಸ್ಕಾರ.