ಪರಿಸರ ಪದವಿಯಲ್ಲಿ ನೀವು ಯಾವುದನ್ನು ಆಳವಾಗಿ ಕಲಿಯುತ್ತೀರಿ?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಪರಿಸರದ ವಿಷಯದಲ್ಲೇ ಪದವಿ ಮಾಡಬೇಕು ಅಂತ ಆಗಲೇ ಮನಸ್ಸು ಮಾಡಿದ್ದೀರಿ. ತುಂಬಾ ಸಂತೋಷ. ಹಾಗಾಗಿ ಭೂಮಿ ಬಿಸಿಯಾಗುತ್ತಿದೆ, ನದಿಗಳು ಕೆಡುತ್ತಿವೆ ಅಂತೆಲ್ಲ ನಾನು ನಿಮಗೆ ಹೇಳಿ ಒಪ್ಪಿಸಬೇಕಾಗಿಲ್ಲ. ನಾನು ಮಾತಾಡಬೇಕು ಅಂತಿರುವುದು ಆ ಮೂರು ಅಥವಾ ನಾಲ್ಕು ವರ್ಷಗಳ ಬಗ್ಗೆ. ಅದನ್ನು ಹೇಗೆ ಯೋಚಿಸಿ ಹೊಂದಿಸಿಕೊಳ್ಳುವುದು, ಯಾವುದನ್ನು ಮೊದಲು ಓದುವುದು, ಯಾವುದನ್ನು ಬಿಡುವುದು.

ಈ ಪದವಿಯಲ್ಲಿ ಎಲ್ಲವೂ ಇದೆ. ರಸಾಯನಶಾಸ್ತ್ರ ಇದೆ, ಜೀವಶಾಸ್ತ್ರ ಇದೆ, ಭೂವಿಜ್ಞಾನ, ಹವಾಮಾನ, ಕಾನೂನು, ಅರ್ಥಶಾಸ್ತ್ರ, ಒಂದಿಷ್ಟು ನೀತಿ, ಒಂದಿಷ್ಟು ಇತಿಹಾಸ. ಹುಡುಗರು ಇಷ್ಟಪಟ್ಟು ಸೇರುವುದೇ ಇದಕ್ಕೆ. ಅಪಾಯ ಇರುವುದೂ ಇಲ್ಲೇ. ಪ್ರತಿ ಸೆಮಿಸ್ಟರ್‌ನಲ್ಲೂ ಹೊಸ ವಿಷಯದ ಪರಿಚಯ ಆಗುತ್ತದೆ, ಪರಿಚಯ ಆದ ಮೇಲೆ ಅದು ಅಲ್ಲಿಗೇ ನಿಲ್ಲುತ್ತದೆ, ಕೊನೆಗೆ ಎಲ್ಲದರ ಬಗ್ಗೆಯೂ ಹತ್ತು ನಿಮಿಷ ಮಾತಾಡಬಲ್ಲ, ಆದರೆ ಯಾವುದನ್ನೂ ಕೈಯಾರೆ ಮಾಡಲು ಬಾರದ ಪದವೀಧರರು ಹೊರಗೆ ಬರುತ್ತಾರೆ. ಇದು ಆ ಮಕ್ಕಳ ತಪ್ಪಲ್ಲ. ಯಾರೂ ಅವರಿಗೆ ಮೊದಲೇ ಹೇಳಿರುವುದಿಲ್ಲ, ಅಷ್ಟೇ. ಅದಕ್ಕೇ ನಾನು ಈಗಲೇ ಹೇಳುತ್ತಿದ್ದೇನೆ: ಒಂದು ವಿದ್ಯೆಯನ್ನು ಆಳವಾಗಿ ಕಲಿಯಿರಿ. ಉಳಿದದ್ದನ್ನು ಆ ವಿದ್ಯೆಯವರ ಜೊತೆ ಸೇರಿ ಕೆಲಸ ಮಾಡುವಷ್ಟು ಕಲಿಯಿರಿ.

ಯಾಕೆ ಹೀಗೆ ಅಂತೀನಿ ನೋಡಿ. ಕಳೆದ ಶತಮಾನದ ಮಧ್ಯದಲ್ಲಿ ಉತ್ತರ ಅಮೆರಿಕದಲ್ಲೂ ಯುರೋಪಿನಲ್ಲೂ ಸರೋವರಗಳು ಪಾಚಿ ಕಟ್ಟಿ ಹಸಿರಾಗತೊಡಗಿದವು. ಕಾರಣ ಏನು ಅನ್ನುವುದರ ಬಗ್ಗೆ ದೊಡ್ಡ ಜಗಳವೇ ನಡೆಯಿತು. ಇಂಗಾಲ ಅಂದರು ಕೆಲವರು, ಸಾರಜನಕ ಅಂದರು ಕೆಲವರು, ಸೋಪಿನ ಪುಡಿಯಿಂದ ಬರುವ ರಂಜಕ, ಅಂದರೆ ಫಾಸ್ಫರಸ್, ಅಂದರು ಇನ್ನು ಕೆಲವರು. ಸಣ್ಣ ಬಾಟಲಿಗಳಲ್ಲಿ ಮಾಡಿದ ಪ್ರಯೋಗಗಳಿಂದ ಜಗಳ ತೀರಲಿಲ್ಲ. ಆಗ ಕೆನಡಾದ ಒಂಟಾರಿಯೊದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಅವರ ತಂಡ 1973ರಲ್ಲಿ ಒಂದು ಇಡೀ ಸರೋವರವನ್ನೇ ಪ್ರಯೋಗಕ್ಕೆ ತಗೊಂಡರು. ಅದಕ್ಕೆ ಹೆಸರೂ ಇಲ್ಲ, ಬರೀ ನಂಬರ್: ಸರೋವರ 226. ನಡುವೆ ಕಿರಿದಾಗಿದ್ದ ಜಾಗದಲ್ಲಿ ಪ್ಲಾಸ್ಟಿಕ್ ಪರದೆ ಇಳಿಸಿ ಎರಡು ಭಾಗ ಮಾಡಿದರು. ಒಂದು ಕಡೆ ಇಂಗಾಲ, ಸಾರಜನಕ ಹಾಕಿದರು. ಇನ್ನೊಂದು ಕಡೆ ಅವೆರಡರ ಜೊತೆಗೆ ರಂಜಕವನ್ನೂ ಹಾಕಿದರು. ರಂಜಕ ಹಾಕಿದ ಕಡೆ ಪಾಚಿ ಹಬ್ಬಿತು, ಇನ್ನೊಂದು ಕಡೆ ನೀರು ಹಾಗೇ ಇತ್ತು. ಮೇಲಿನಿಂದ ತೆಗೆದ ಆ ಫೋಟೋ ನೋಡಿದರೆ ಯಾವ ಮಂತ್ರಿಗೂ ವಿವರಣೆ ಬೇಕಾಗಲಿಲ್ಲ. ಸೋಪಿನ ಪುಡಿಯಲ್ಲಿ ಮತ್ತು ಚರಂಡಿ ನೀರಿನಲ್ಲಿ ರಂಜಕಕ್ಕೆ ಕಡಿವಾಣ ಹಾಕುವ ನಿಯಮಗಳಿಗೆ ಆ ಪ್ರಯೋಗ ದೊಡ್ಡ ಬಲ ಕೊಟ್ಟಿತು.

ಈಗ ಯೋಚಿಸಿ. ಆ ಕೆಲಸಕ್ಕೆ ನೀರಿನ ರಸಾಯನಶಾಸ್ತ್ರ ಚೆನ್ನಾಗಿ ಗೊತ್ತಿರುವವರು ಬೇಕಾಗಿತ್ತು, ಪಾಚಿಯ ಜಾತಿಗಳನ್ನು ಗುರುತಿಸುವವರು ಬೇಕಾಗಿತ್ತು, ಲೆಕ್ಕ ಬಲ್ಲವರು ಬೇಕಾಗಿತ್ತು. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಲ್ಲ ಐದು ಜನ ಸೇರಿದ್ದರೆ ಆ ಪ್ರಯೋಗ ಆಗುತ್ತಿರಲಿಲ್ಲ.

ಸರಿ, ಈಗ ಮೊದಲ ಆಯ್ಕೆಗೆ ಬರೋಣ. ಎನ್ವಿರಾನ್ಮೆಂಟಲ್ ಸೈನ್ಸ್, ಎನ್ವಿರಾನ್ಮೆಂಟಲ್ ಸ್ಟಡೀಸ್ ಅಂತ ಎರಡು ಬಗೆಯ ಪದವಿಗಳಿರುತ್ತವೆ. ಮೊದಲನೆಯದರಲ್ಲಿ ಪ್ರಯೋಗಶಾಲೆ, ಗಣಿತ, ಅಳತೆ ಜಾಸ್ತಿ. ಎರಡನೆಯದರಲ್ಲಿ ಕಾನೂನು, ಆಡಳಿತ, ಸಮಾಜ, ಇತಿಹಾಸ ಜಾಸ್ತಿ. ಆದರೆ ಹೆಸರು ನೋಡಿ ಸೇರಬೇಡಿ. ಒಂದು ಕಡೆ ಸೈನ್ಸ್ ಅಂತ ಕರೆಯುವ ಪದವಿಯಲ್ಲಿ ಲ್ಯಾಬ್ ಹೆಸರಿಗಷ್ಟೇ ಇರಬಹುದು, ಇನ್ನೊಂದು ಕಡೆ ಸ್ಟಡೀಸ್ ಅಂತ ಕರೆಯುವ ಪದವಿಯಲ್ಲಿ ಒಳ್ಳೆಯ ಸಂಖ್ಯಾಶಾಸ್ತ್ರ ಕಲಿಸಬಹುದು. ಪಠ್ಯಕ್ರಮ ತರಿಸಿಕೊಂಡು ಒಂದೊಂದು ವರ್ಷದ ವಿಷಯ ನೋಡಿ. ಲ್ಯಾಬ್ ಇರುವ ಕೋರ್ಸ್ ಎಷ್ಟಿವೆ, ಹೊರಗೆ ಹೋಗಿ ಮಾಡುವ ಕೆಲಸ ಎಷ್ಟಿದೆ, ಕಡ್ಡಾಯ ಯಾವುದು, ನೀವೇ ಆರಿಸಿಕೊಳ್ಳುವುದು ಯಾವುದು. ಒಂದು ಸಂಜೆ ಕೂತರೆ ಮುಗಿಯುವ ಕೆಲಸ ಇದು, ಆದರೂ ಹೆಚ್ಚಿನವರು ಮಾಡುವುದಿಲ್ಲ.

ಸ್ಟಡೀಸ್ ಅಂದರೆ ಸುಲಭ, ಗಣಿತ ಬಾರದವರು ಹೋಗುವ ದಾರಿ ಅಂತ ಒಂದು ಮಾತಿದೆ. ಆ ಮಾತನ್ನು ತಲೆಯಿಂದ ತೆಗೆದುಹಾಕಿ. ಎಲಿನಾರ್ ಆಸ್ಟ್ರಮ್ ಅಂತ ಒಬ್ಬರು ರಾಜ್ಯಶಾಸ್ತ್ರ ಓದಿದವರು. ಕಾಡು, ಹುಲ್ಲುಗಾವಲು, ಮೀನು, ನೀರಾವರಿ ಕಾಲುವೆ, ಇಂಥ ಎಲ್ಲರಿಗೂ ಸೇರಿದ ಆಸ್ತಿಯನ್ನು ಜನರು ತಾವೇ ನಿಯಮ ಮಾಡಿಕೊಂಡು ಹೇಗೆ ಉಳಿಸಿಕೊಳ್ಳುತ್ತಾರೆ ಅಂತ ದಶಕಗಳ ಕಾಲ ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಅವರು ಎತ್ತಿಕೊಂಡ ಉದಾಹರಣೆಗಳಲ್ಲಿ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಅನ್ನುವ ಹಳ್ಳಿ ಒಂದು. ಚಳಿಗಾಲದಲ್ಲಿ ನಿನ್ನ ಮನೆಯ ಮೇವಿನಿಂದ ಎಷ್ಟು ಹಸು ಸಾಕಬಲ್ಲೆಯೋ ಅಷ್ಟನ್ನು ಮಾತ್ರ ಬೇಸಿಗೆಯಲ್ಲಿ ಬೆಟ್ಟದ ಹುಲ್ಲುಗಾವಲಿಗೆ ಕಳಿಸಬಹುದು ಅನ್ನುವ ನಿಯಮ ಅಲ್ಲಿ 1517ರಿಂದ ಇತ್ತು. ಇದನ್ನು ಹುಡುಕಿ ತೆಗೆಯುವುದಕ್ಕೆ ಹಳೆಯ ದಾಖಲೆ ಓದಬೇಕು, ಜನರ ಜೊತೆ ತಿಂಗಳುಗಟ್ಟಲೆ ಇರಬೇಕು, ಕೇಳಿದ ಮಾತನ್ನು ಪರೀಕ್ಷಿಸಬೇಕು. ಅದೂ ಒಂದು ಆಳವಾದ ವಿದ್ಯೆಯೇ. ನೀವು ಸ್ಟಡೀಸ್ ಕಡೆ ಹೋಗುವುದಾದರೆ ಸಂದರ್ಶನ ಮಾಡುವ ಕ್ರಮ, ಸಮೀಕ್ಷೆ, ಕಾನೂನಿನ ಓದು, ಅರ್ಥಶಾಸ್ತ್ರ, ಇವುಗಳಲ್ಲಿ ಒಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸುಮ್ನೆ ಪ್ರಬಂಧ ಬರೆದು ದಾಟಬೇಡಿ.

ಇನ್ನು ವಿಜ್ಞಾನದ ಕಡೆ ಹೋಗುವವರಿಗೆ. ಮೊದಲ ವರ್ಷ ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ. ಇದು ಬೇಸರದ ವರ್ಷ, ಒಪ್ಪುತ್ತೇನೆ. ಪರಿಸರ ಓದಲು ಬಂದರೆ ಕ್ಯಾಲ್ಕುಲಸ್ ಮಾಡಿಸುತ್ತಾರಲ್ಲ ಅಂತ ಅನಿಸುತ್ತದೆ. ಆದರೆ ಒಂದು ಉದಾಹರಣೆ ಹೇಳುತ್ತೇನೆ. ನದಿಗೆ ಚರಂಡಿ ನೀರು ಸೇರುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕ ಎಲ್ಲಿ ಅತಿ ಕಡಿಮೆ ಇರುತ್ತದೆ? ಚರಂಡಿ ಸೇರುವ ಜಾಗದಲ್ಲೇ ಅಂತ ಎಲ್ಲರೂ ಹೇಳುತ್ತಾರೆ. ಅಲ್ಲ. ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿನ್ನುತ್ತಾ ಆಮ್ಲಜನಕ ಬಳಸುತ್ತವೆ, ಅದೇ ಹೊತ್ತಿಗೆ ಗಾಳಿಯಿಂದ ಹೊಸ ಆಮ್ಲಜನಕ ಸೇರುತ್ತಿರುತ್ತದೆ. ಈ ಎರಡು ವೇಗಗಳ ಪೈಪೋಟಿಯಲ್ಲಿ ಆಮ್ಲಜನಕ ಅತಿ ಕಡಿಮೆಯಾಗುವುದು ನದಿ ಕೆಳಗೆ ಹರಿದ ಮೇಲೆ, ಕೆಲವೊಮ್ಮೆ ಬಹಳ ದೂರ ಹೋದ ಮೇಲೆ. ಅಮೆರಿಕದ ಓಹಾಯೊ ನದಿಯ ಮೇಲೆ ಕೆಲಸ ಮಾಡಿದ ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲೇ ಇದನ್ನು ಒಂದು ಸಮೀಕರಣದಲ್ಲಿ ಬರೆದಿಟ್ಟರು. ಅದು ಗೊತ್ತಿಲ್ಲದವರು ಪೈಪಿನ ಬಾಯಿಯ ಹತ್ತಿರ ಸ್ಯಾಂಪಲ್ ತೆಗೆದು, ಪರವಾಗಿಲ್ಲ ಅಂತ ವರದಿ ಬರೆದು ಹೋಗಿಬಿಡುತ್ತಾರೆ. ಮೀನು ಸಾಯುವುದು ಇನ್ನೂ ಕೆಳಗೆ. ಕ್ಯಾಲ್ಕುಲಸ್ ಬೇಕಾಗಿರುವುದು ಇದಕ್ಕೆ.

ಆಮ್ಲಜನಕದ ಮಾತು ಬಂತು, ಅದನ್ನು ಅಳೆಯುವ ಬಗೆಯನ್ನೂ ಹೇಳಿಬಿಡುತ್ತೇನೆ. ಈಗ ಮೀಟರ್ ಇದೆ, ಕಡ್ಡಿ ಅದ್ದಿದರೆ ನಂಬರ್ ಬರುತ್ತದೆ. ಆದರೂ ವಿಂಕ್ಲರ್ ವಿಧಾನವನ್ನು ಒಮ್ಮೆಯಾದರೂ ಕೈಯಾರೆ ಮಾಡಿ. 1888ರದ್ದು ಅದು. ಒಂದು ಗುಳ್ಳೆಯೂ ಇಲ್ಲದ ಹಾಗೆ ಬಾಟಲಿ ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಆಮೇಲೆ ಕ್ಷಾರ ಮತ್ತು ಅಯೋಡೈಡ್ ಬೆರೆತ ದ್ರಾವಣ ಹಾಕಿದರೆ, ಆಮ್ಲಜನಕ ಇದ್ದರೆ ಕಂದು ಬಣ್ಣದ ಗಷ್ಟು ಇಳಿಯುತ್ತದೆ, ಇಲ್ಲದಿದ್ದರೆ ಬಿಳಿಯಾಗೇ ಉಳಿಯುತ್ತದೆ. ಆಮ್ಲ ಹಾಕಿದರೆ ಗಷ್ಟು ಕರಗಿ ಹಳದಿ. ಥಯೋಸಲ್ಫೇಟನ್ನು ಬಿಡುತ್ತಾ ಹೋದರೆ ಹಳದಿ ತಿಳಿಯಾಗುತ್ತದೆ, ಆಗ ಪಿಷ್ಟ ಹಾಕಿದರೆ ಗಾಢ ನೀಲಿ, ಮತ್ತೆ ಹನಿ ಹನಿಯಾಗಿ ಬಿಟ್ಟು ನೀಲಿ ಮಾಯವಾಗುವ ಆ ಒಂದು ಹನಿಯಲ್ಲಿ ನಿಲ್ಲಿಸಬೇಕು. ಇದನ್ನು ಮಾಡಿದವರಿಗೆ ಮೀಟರ್ ತೋರಿಸುವ ನಂಬರ್ ಎಲ್ಲಿಂದ ಬರಬೇಕು ಅಂತ ಗೊತ್ತಿರುತ್ತದೆ, ಮೀಟರ್ ಕೆಟ್ಟಾಗ ಅನುಮಾನ ಬರುತ್ತದೆ. 20 ಡಿಗ್ರಿಯ ಸಿಹಿನೀರಿನಲ್ಲಿ ಗಾಳಿಯಿಂದ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 30 ಡಿಗ್ರಿಯಲ್ಲಿ ಏಳೂವರೆ. ಹಾಗಿದ್ದರೆ ಬಿಸಿಲಿನ ಮಧ್ಯಾಹ್ನ ಒಂದು ಹಸಿರು ಕೆರೆಯಲ್ಲಿ 14 ಬಂತು ಅಂದರೆ? ಮೀಟರ್ ಕೆಟ್ಟಿರಬಹುದು. ಅಥವಾ ಪಾಚಿ ಬೆಳಕಿನಲ್ಲಿ ಆಮ್ಲಜನಕ ಉಗುಳುತ್ತಿರಬಹುದು. ಅದೇ ಕೆರೆಯಲ್ಲಿ ಬೆಳಗಿನ ಜಾವ ಅಳೆದರೆ 2 ಬರಬಹುದು, ಯಾಕೆಂದರೆ ರಾತ್ರಿಯಿಡೀ ಅದೇ ಪಾಚಿ ಆಮ್ಲಜನಕವನ್ನು ಉಸಿರಾಡಿದೆ.

ಇಲ್ಲಿಂದಲೇ ಸಂಖ್ಯಾಶಾಸ್ತ್ರ ಶುರುವಾಗುತ್ತದೆ. ಒಬ್ಬ ವಿದ್ಯಾರ್ಥಿ ಮಧ್ಯಾಹ್ನ ಎರಡಕ್ಕೆ ಹೋದ, ಇನ್ನೊಬ್ಬಳು ಬೆಳಿಗ್ಗೆ ಐದಕ್ಕೆ ಹೋದಳು. ಕೆರೆ ಒಂದೇ, ಒಬ್ಬನ ಪ್ರಕಾರ ಆರೋಗ್ಯವಾಗಿದೆ, ಇನ್ನೊಬ್ಬಳ ಪ್ರಕಾರ ಸಾಯುತ್ತಿದೆ. ಇಬ್ಬರ ಅಳತೆಯೂ ಸರಿ. ಯಾವಾಗ, ಎಲ್ಲಿ, ಎಷ್ಟು ಸಲ ಅಳೆಯಬೇಕು ಅನ್ನುವುದನ್ನು ಮೊದಲೇ ನಿರ್ಧರಿಸುವುದೇ ಈ ವಿಜ್ಞಾನದ ಜೀವ. ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಹತ್ತು ಬಾಟಲಿ ತುಂಬಿಕೊಂಡು ಬಂದು ಹತ್ತು ಮಾದರಿ ಅಂತ ಬರೆದರೆ, ಕೆರೆಯ ಮಟ್ಟಿಗೆ ಅದು ಒಂದೇ ಮಾದರಿ. ದಯವಿಟ್ಟು ಸಂಖ್ಯಾಶಾಸ್ತ್ರವನ್ನು ಕೊನೆಯ ವರ್ಷಕ್ಕೆ ತಳ್ಳಬೇಡಿ. ಎರಡನೇ ವರ್ಷದೊಳಗೆ ಮುಗಿಸಿ. ತುಂಬಾ ಜನ ಪ್ರಾಜೆಕ್ಟ್ ಮಾಡಿ ಮುಗಿಸಿ, ಡೇಟಾ ಎಲ್ಲ ಕೈಯಲ್ಲಿಟ್ಟುಕೊಂಡು, ಆಮೇಲೆ ಸಂಖ್ಯಾಶಾಸ್ತ್ರದ ಮೇಷ್ಟ್ರ ಹತ್ತಿರ ಓಡುತ್ತಾರೆ. ಅಷ್ಟರಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ, ಪಾಪ.

ಇದರ ಜೊತೆಗೆ ಕಂಪ್ಯೂಟರ್. ಆರ್ ಅಥವಾ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ, ಎರಡರಲ್ಲಿ ಒಂದು. ನಕ್ಷೆ ಕೆಲಸಕ್ಕೆ ಕ್ಯೂಜಿಐಎಸ್ ಅನ್ನುವ ಸಾಫ್ಟ್‌ವೇರ್, ದುಡ್ಡು ಕೊಡಬೇಕಾಗಿಲ್ಲ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿವೆ. 2008ರಿಂದ ಆ ಚಿತ್ರಗಳೆಲ್ಲ ಎಲ್ಲರಿಗೂ ಉಚಿತ. ನಿಮಗೆ ಗೊತ್ತಿರುವ ಒಂದು ಕೆರೆಯೋ ಕಾಡೋ ಐವತ್ತು ವರ್ಷದಲ್ಲಿ ಹೇಗೆ ಬದಲಾಯಿತು ಅಂತ ಪದವಿಗೆ ಸೇರುವ ಮೊದಲೇ ನೋಡಬಹುದು. ಆದರೆ ಸೂಕ್ಷ್ಮ ಒಂದಿದೆ: ಈಗಿನ ಚಿತ್ರದಲ್ಲೂ ಒಂದು ಚುಕ್ಕಿ ಅಂದರೆ ನೆಲದ ಮೇಲೆ 30 ಮೀಟರ್. ಹಸಿರು ಚುಕ್ಕಿ ಕಾಡೋ, ನೆಡುತೋಪೋ ಅನ್ನುವುದು ಸ್ಥಳಕ್ಕೆ ಹೋಗಿ ನೋಡಿದವರಿಗೇ ಗೊತ್ತಾಗುವುದು. ಹೊರಗಿನ ಕೆಲಸ ಮತ್ತು ಕಂಪ್ಯೂಟರ್ ಕೆಲಸ ಎರಡೂ ಬೇಕು ಅನ್ನುವುದು ಇದಕ್ಕೇ.

ಆಳವಾಗಿ ಕಲಿಯಿರಿ ಅಂದೆ. ಆದರೆ ಪಕ್ಕದವರ ಭಾಷೆ ಗೊತ್ತಿಲ್ಲದಿದ್ದರೆ ಆ ಆಳವೂ ಕೆಲಸಕ್ಕೆ ಬರುವುದಿಲ್ಲ. ಜಪಾನಿನ ಮಿನಮಾಟದ ಕಥೆಯನ್ನು ಪ್ರತಿಯೊಬ್ಬರೂ ಓದಲೇಬೇಕು. 1956ರಲ್ಲಿ ಅಲ್ಲಿ ವಿಚಿತ್ರ ಕಾಯಿಲೆಯೊಂದು ಅಧಿಕೃತವಾಗಿ ದಾಖಲಾಯಿತು. ಕೈಕಾಲು ನಡುಗುವುದು, ಕಣ್ಣು ಕಾಣದಿರುವುದು, ಮಾತು ತೊದಲುವುದು. ಬೆಕ್ಕುಗಳು ಹುಚ್ಚು ಹಿಡಿದ ಹಾಗೆ ಆಡಿ ಸತ್ತವು. ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು 1959ರಲ್ಲೇ ಪಾದರಸದ ಸಂಯುಕ್ತದ ಕಡೆ ಬೆರಳು ತೋರಿಸಿದರು. ರಾಸಾಯನಿಕ ಕಾರ್ಖಾನೆಯೊಂದು ಬಿಟ್ಟ ತ್ಯಾಜ್ಯದಲ್ಲಿದ್ದ ಮಿಥೈಲ್ ಪಾದರಸ ಮೀನಿನ ಮೂಲಕ ಜನರ ಮೈ ಸೇರಿತ್ತು. ಸರ್ಕಾರ ಅದನ್ನು ಅಧಿಕೃತವಾಗಿ ಒಪ್ಪಿದ್ದು 1968ರಲ್ಲಿ. ನಡುವೆ ಒಂಬತ್ತು ವರ್ಷ! ವಿಜ್ಞಾನ ತನ್ನ ಮಾತು ಹೇಳಿತ್ತು. ಕೇಳಿಸಿಕೊಳ್ಳುವಂತೆ ಮಾಡುವ ಕಾನೂನು, ಆಡಳಿತ, ಹಣದ ಲೆಕ್ಕ, ಇವೆಲ್ಲ ಬೇರೆ ಕಡೆ ಎಳೆಯುತ್ತಿದ್ದವು. ರಸಾಯನಶಾಸ್ತ್ರ ಆರಿಸಿಕೊಂಡವರು ಒಂದಾದರೂ ಪರಿಸರ ಕಾನೂನಿನ ಕೋರ್ಸ್ ಮಾಡಿ, ಒಂದು ಅರ್ಥಶಾಸ್ತ್ರದ್ದು ಮಾಡಿ ಅಂತ ನಾನು ಒತ್ತಾಯ ಮಾಡುವುದು ಈ ಒಂಬತ್ತು ವರ್ಷವನ್ನು ನೆನೆಸಿಕೊಂಡು. ಹಾಗೆಯೇ ಕಾನೂನಿನ ಕಡೆಯವರು ಒಂದು ಲ್ಯಾಬ್ ಕೋರ್ಸ್ ಬಿಡಬೇಡಿ.

ಒಂದು ಅಭ್ಯಾಸ ಹೇಳುತ್ತೇನೆ, ಎರಡನೇ ವರ್ಷದಲ್ಲಿ ಮಾಡಿ. ಯಾವುದಾದರೂ ಅಣೆಕಟ್ಟು, ಗಣಿ ಅಥವಾ ಹೆದ್ದಾರಿಯ ಪರಿಸರ ಪರಿಣಾಮ ವರದಿಯನ್ನು ತಗೊಂಡು, ಪೆನ್ಸಿಲ್ ಹಿಡಿದು ಓದಿ. ಸ್ಯಾಂಪಲ್ ಯಾವ ತಿಂಗಳಲ್ಲಿ ತೆಗೆದಿದ್ದಾರೆ? ಒಂದೇ ಋತುವಿನಲ್ಲಾ? ಎಷ್ಟು ಹೊತ್ತಿಗೆ? ಹಕ್ಕಿಗಳ ಪಟ್ಟಿ ಮಾಡಿದವರು ಎಷ್ಟು ದಿನ ಅಲ್ಲಿದ್ದರು? ಜನರ ಅಹವಾಲು ಎಷ್ಟನೇ ಪುಟದಲ್ಲಿದೆ, ಅದಕ್ಕೆ ಉತ್ತರ ಇದೆಯಾ? ಈ ಪ್ರಶ್ನೆಗಳನ್ನು ನೀವೇ ಕೇಳುವಂತಾದರೆ ನಿಮ್ಮ ಓದು ಸರಿಯಾದ ದಾರಿಯಲ್ಲಿದೆ.

ಕೆಲಸ ಸಿಗುತ್ತದಾ ಅಂತ ಮನೆಯವರು ಕೇಳುತ್ತಾರೆ. ಕೇಳುವುದು ಸರಿ. ನೀರು, ಗಾಳಿ ಪರೀಕ್ಷೆ ಮಾಡುವ ಪ್ರಯೋಗಶಾಲೆಗಳು, ಸಲಹಾ ಸಂಸ್ಥೆಗಳು, ಮಾಲಿನ್ಯ ನಿಯಂತ್ರಣದ ಸರ್ಕಾರಿ ಇಲಾಖೆಗಳು, ಕಾಡು ಮತ್ತು ವನ್ಯಜೀವಿ ಸಂಸ್ಥೆಗಳು, ಕಂಪನಿಗಳ ಒಳಗಿನ ಪರಿಸರ ವಿಭಾಗ, ಪತ್ರಿಕೆ, ಶಾಲೆ, ಹೀಗೆ ದಾರಿಗಳಿವೆ. ಎಲ್ಲ ಕಡೆಯೂ ಕೇಳುವುದು ನಿನಗೆ ಏನು ಮಾಡಲು ಬರುತ್ತದೆ ಅಂತ. ಸಂಶೋಧನೆಗೆ ಹೋಗುವವರಿಗೆ ಮುಂದಿನ ಪದವಿ ಹೆಚ್ಚುಕಡಿಮೆ ಅನಿವಾರ್ಯ, ಅದಕ್ಕೆ ಬೇಕಾದ ಮೂಲ ವಿಷಯಗಳನ್ನು ಈಗಲೇ ಪಟ್ಟಿ ಮಾಡಿಕೊಳ್ಳಿ. ಮೊದಲ ವರ್ಷದ ಗಣಿತ ಬಿಟ್ಟದ್ದಕ್ಕೆ ಮೂರು ವರ್ಷ ಆದ ಮೇಲೆ ಒಂದು ಬಾಗಿಲು ಮುಚ್ಚುವುದು ಬೇಡ.

ಕೊನೆಯ ವರ್ಷದ ಪ್ರಾಜೆಕ್ಟ್ ಬಗ್ಗೆ ಎರಡು ಮಾತು. ಸಣ್ಣ ಪ್ರಶ್ನೆ ಆರಿಸಿ. "ಹವಾಮಾನ ಬದಲಾವಣೆ ಮತ್ತು ಕೃಷಿ" ಅನ್ನುವುದು ಪ್ರಶ್ನೆಯಲ್ಲ. ಒಂದು ತೊರೆಯಲ್ಲಿ, ಒಂದು ಸೇತುವೆಗೆ ಮೊದಲು ಮತ್ತು ಅದನ್ನು ದಾಟಿ ನೀರು ಹರಿದ ಮೇಲೆ, ಕೀಟಗಳ ಮರಿಗಳು ಯಾವ ಯಾವ ಜಾತಿಯವು ಸಿಗುತ್ತವೆ ಅನ್ನುವುದು ಪ್ರಶ್ನೆ. ನಿಮ್ಮ ಕೈಗೆ ಎಟಕುವ ಜಾಗ ಇರಲಿ, ಮತ್ತೆ ಮತ್ತೆ ಹೋಗುವ ಹಾಗಿರಲಿ. ಎಲ್ಲಿ, ಯಾವಾಗ, ಯಾವ ಸಾಧನದಿಂದ ಅಳೆದಿರಿ ಅನ್ನುವುದನ್ನು ಇನ್ನೊಬ್ಬರು ಓದಿ ಮತ್ತೆ ಮಾಡುವ ಹಾಗೆ ಬರೆದಿಡಿ. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರು ಮಾಡಿದಾಗ ಅದು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 315 ಭಾಗ ಇತ್ತು, ಈಗ 420 ದಾಟಿದೆ. ಇದನ್ನು ನಾವು ಇಷ್ಟು ಖಚಿತವಾಗಿ ಹೇಳಬಲ್ಲೆವು ಅಂದರೆ, ಅವರು ಅಷ್ಟು ಜಾಗ್ರತೆಯಿಂದ ಅಳೆದು ಬರೆದಿಟ್ಟರು, ಅವರ ನಂತರದವರೂ ಬಿಡದೆ ಮುಂದುವರಿಸಿದರು.

ನಿಮ್ಮಲ್ಲಿ ಕೆಲವರು ಪಠ್ಯಕ್ರಮದ ಪ್ರತಿ ತಂದಿದ್ದೀರಿ ಅಂತ ಕಾಣುತ್ತದೆ. ಅದನ್ನು ತೆಗೆಯಿರಿ. ಆಳವಾಗಿ ಕಲಿಯಬೇಕು ಅಂದುಕೊಂಡ ವಿಷಯದ ಕೋರ್ಸ್‌ಗಳಿಗೆ ಗುರುತು ಹಾಕಿ, ಆಮೇಲೆ ಒಬ್ಬೊಬ್ಬರದೇ ನೋಡೋಣ.